ನಡುವಿನ ಕುರ್ಚಿ

‘ಹಂಸತೂಲ’ ಪ್ಲಾಸ್ಟಿಕ್ ಕುರ್ಚಿಯನ್ನು ನಿಜಕ್ಕೂ ಕಂಡುಹಿಡಿದವನು ಜಹೀರ್ ಅಹಮದ್ ಎಂಬುದು ಇಡೀ ತುಮಕೂರಿನಲ್ಲಿ ನಾಲ್ವರಿಗೆ ಮಾತ್ರ ಗೊತ್ತಿತ್ತು. ಒಬ್ಬ ಸ್ವತಃ ಜಹೀರ್. ಇನ್ನಿಬ್ಬರು ಅವನ ಹೆಂಡತಿ ಮಹೀನ್ ಮತ್ತು ಮಗಳು ಅಂಬ್ರೀನ್. ಉಪ್ಪಿನಕಾಯಿ ಕೆಡದಿರಲೆಂದು ಮಹೀನ್ ತಂದಿಟ್ಟಿದ್ದ ಬೆಂಜೊಯೇಟ್ ಪುಡಿಯ ಡಬ್ಬಿ ಒಂದು ದಿನ ಅಡುಗೆಮನೆಯಿಂದ ಮಾಯವಾಗಿ ಅಂತರಸನಹಳ್ಳಿಯ ಕುರ್ಚಿ ಕಾರ್ಖಾನೆ ಸೇರಿತ್ತು. ನಾಲ್ಕನೆಯವನು ಆ ಕಾರ್ಖಾನೆಯ ಮ್ಯಾನೇಜರ್ ದಯಾನಂದ. ಆದ್ದರಿಂದಲೇ, ಫೆಬ್ರವರಿಯ ಒಂದು ಸೋಮವಾರ ದಯಾನಂದ ಕೈಯಾರೆ ತಂದುಕೊಟ್ಟ ಆಮಂತ್ರಣ ಪತ್ರಿಕೆಯನ್ನು ಜಹೀರ್ ಎರಡು ಸಲ ಓದಬೇಕಾಯಿತು. ಗುಬ್ಬಿಯ ಸಣ್ಣ ಉದ್ದಿಮೆದಾರರ ಸಂಘದ ವಾರ್ಷಿಕೋತ್ಸವ. ಅದರಲ್ಲಿ, ‘ಹಂಸತೂಲ ಕುರ್ಚಿಯ ರೂವಾರಿ ಶ್ರೀ ದಯಾನಂದ ಅವರಿಗೆ ಸನ್ಮಾನ.’

“ನೀವ್ ಬರ್ಲೇಬೇಕು ಜಹೀರ್ ಭಾಯ್. ತಪ್ಪಿಸ್ಕೊಂಡ್ರೆ ನಾನ್ ಸುಮ್ನಿರಲ್ಲ,” ಎಂದ ದಯಾನಂದ, ಹಲ್ಲು ಕಾಣುವಂತೆ ನಕ್ಕು.

“ಬರ್ದೇ ಇರ್ತೀನಾ ಸಾರ್,” ಎಂದ ಜಹೀರ್. ಆ ಕ್ಷಣದಲ್ಲೇ ಅವನು ಅಪರಾಧಿಯಾದ.

ಅವನಿಗೆ ಐವತ್ತೆರಡು ವರ್ಷ. ಐ.ಟಿ.ಐ. ಮುಗಿಸಿ ಬಂದಂದಿನಿಂದ ಮೋಲ್ಡಿಂಗ್ ಮಷೀನಿನ ಮುಂದೆಯೇ ನಿಂತವನು. ಹೊಸ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಕಾಳಿನ ಜೊತೆ ಹಳೆ ಕ್ರೇಟುಗಳ ಪಾಲಿಎಥಿಲೀನ್ ಚೂರನ್ನು ಬೆರೆಸಿ ಗಟ್ಟಿ ಕುರ್ಚಿ ಮಾಡಬಹುದು ಎಂದು ಅವನು ಹೇಳಿದಾಗ ಎಲ್ಲರೂ ನಕ್ಕಿದ್ದರು. ಎರಡು ವರ್ಷ ಅವನು ಮುರಿದ ಕುರ್ಚಿಗಳಿಗೆ ಲೆಕ್ಕವಿರಲಿಲ್ಲ. ಕೊನೆಗೆ ಮಿಶ್ರಣ ಕೈಗೆ ಬಂದಾಗ ದಯಾನಂದ ಅದನ್ನು ಪೂರ್ತಿ ನೋಟ್‌ಬುಕ್ಕಿನಲ್ಲಿ ಬರೆಸಿಕೊಂಡಿದ್ದ. ಆಮೇಲೆ ಇಂಗ್ಲಿಷಿನಲ್ಲಿದ್ದ ಯಾವುದೋ ಕಾಗದಗಳ ಮೇಲೆ ನಾಲ್ಕು ಕಡೆ ಸೈನ್ ಹಾಕಿಸಿಕೊಂಡಿದ್ದ. “ಇದೆಲ್ಲಾ ಫಾರ್ಮಾಲಿಟಿ,” ಎಂದಿದ್ದ. ಫಾರ್ಮಾಲಿಟಿ ಏನೆಂದು ಜಹೀರನಿಗೆ ಈಗ ಅರ್ಥವಾಯಿತು.

ಅಂದು ಸಂಜೆ ಅವನು ಮನೆಗೆ ಹೋಗಿ ಚಹಾ ಕುಡಿದ. ಕೂಗಾಡಲಿಲ್ಲ. ಮಹೀನಳಿಗೆ ಆಮಂತ್ರಣ ತೋರಿಸಲೂ ಇಲ್ಲ. ಜಗಳವಾಡಿದರೆ ಕೆಲಸ ಹೋಗುತ್ತದೆ. ದೂರು ಕೊಟ್ಟರೆ ಸಾಕ್ಷಿ ಕೇಳುತ್ತಾರೆ. ಆದರೆ ಸನ್ಮಾನ ಮಾಡಿಸಿಕೊಳ್ಳಲು ಬಂದವನು ತಾನೇ ಕಂಡುಹಿಡಿದೆನೆಂದು ಹೇಳುವ ಕುರ್ಚಿಯಿಂದಲೇ, ಶಾಲು ಹೊದ್ದುಕೊಂಡು, ಮುನ್ನೂರು ಜನರ ಎದುರು ದೊಪ್ಪೆಂದು ಬಿದ್ದರೆ? ಯಾವ ಪೊಲೀಸಿನವನೂ ಕುರ್ಚಿಯ ಮೇಲೆ ಎಫ್‌ಐಆರ್ ಹಾಕುವುದಿಲ್ಲ. ಜನ ಅಂದುಕೊಳ್ಳುವುದು ಒಂದೇ: ಮ್ಯಾನೇಜರ್ ಕಂಡುಹಿಡಿದದ್ದು ಇಷ್ಟೇ.

ಈ ಯೋಚನೆ ಎಷ್ಟು ಚೆನ್ನಾಗಿತ್ತೆಂದರೆ ಜಹೀರ್ ಇನ್ನೊಂದು ಲೋಟ ಚಹಾ ಕೇಳಿದ.

ಅವನು ಒಂದು ನಿಯಮ ಹಾಕಿಕೊಂಡ. ದಯಾನಂದನ ಮೂಳೆ ಮುರಿಯಕೂಡದು; ಮರ್ಯಾದೆ ಮಾತ್ರ ಮುರಿಯಬೇಕು. ಅದಕ್ಕೆ ಕುರ್ಚಿಯ ಹಿಂದಿನ ಎರಡು ಕಾಲುಗಳು ಮಾತ್ರ ಹೋಗಬೇಕು. ಆಗ ಕೂತವನು ಪಕ್ಕಕ್ಕೆ ಉರುಳದೆ, ಜಾರುಬಂಡೆಯ ಮೇಲಿನ ಮಗುವಿನಂತೆ, ಕಾಲು ಮೇಲೆ ಮಾಡಿಕೊಂಡು ಅಂಡಿನ ಮೇಲೆ ಕೆಳಗಿಳಿಯುತ್ತಾನೆ. ಫೋಟೋಗೂ ಅದೇ ಚೆಂದ.

ಹೇಗೆಂಬುದನ್ನು ಅವನು ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಒಳ್ಳೆಯ ಕುರ್ಚಿ ಮಾಡುವುದನ್ನು ಕಲಿಯಲು ಎರಡು ವರ್ಷ ಕೆಟ್ಟ ಕುರ್ಚಿಗಳನ್ನೇ ಮಾಡಿದವನು ಅವನು. ಅದರ ಒಳಗುಟ್ಟನ್ನು ತೋರಿಸಿಕೊಟ್ಟವಳು ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದ ಮಗಳು ಅಂಬ್ರೀನ್. ಒಮ್ಮೆ ಅವಳು ಅಪ್ಪನನ್ನು ಕಾಲೇಜಿನ ಲ್ಯಾಬಿಗೆ ಕರೆದೊಯ್ದು, ಒಂದು ಕಾಳು ಪಾಲಿಪ್ರೊಪಿಲೀನನ್ನು ಗಾಜಿನ ಮೇಲೆ ಕರಗಿಸಿ, ಮೈಕ್ರೋಸ್ಕೋಪಿನ ಕೆಳಗಿಟ್ಟಿದ್ದಳು. ಕಪ್ಪು ಬಯಲಿನಲ್ಲಿ ಒಂದೊಂದಾಗಿ ಬೆಳ್ಳನೆಯ ದುಂಡು ಹೂಗಳು ಅರಳುತ್ತಾ ಬಂದವು.

“ಇದನ್ನ ಯಾರು ಬಿಡಿಸ್ತಿರೋದು?” ಎಂದು ಕೇಳಿದ್ದ ಜಹೀರ್.

“ಯಾರೂ ಇಲ್ಲ ಅಬ್ಬಾ. ತಣ್ಣಗಾಗ್ತಾ ಆಗ್ತಾ ಅದೇ ಬಿಡಿಸ್ಕೊಳತ್ತೆ. ಹರಳು ಕಟ್ಟೋದು ಅಂದ್ರೆ ಇದೇ.”

ಆ ಹೂಗಳ ಲೆಕ್ಕವೇ ಕುರ್ಚಿಯ ಲೆಕ್ಕ. ನಿಧಾನವಾಗಿ ತಣಿದರೆ ಕೆಲವೇ ಹೂಗಳು ಹುಟ್ಟಿ ದೊಡ್ಡದಾಗಿ ಬೆಳೆಯುತ್ತವೆ. ಒಂದು ಹೂವು ಇನ್ನೊಂದಕ್ಕೆ ತಾಗುವ ಗಡಿಯಲ್ಲಿ ಬಿರುಕು ಸುಲಭವಾಗಿ ಓಡುತ್ತದೆ. ಚಿಟಿಕೆ ಬೆಂಜೊಯೇಟ್ ಹಾಕಿದರೆ ಅದರ ಒಂದೊಂದು ಕಣದ ಸುತ್ತಲೂ ಒಂದೊಂದು ಹೂವು ಹುಟ್ಟಿ, ಯಾವುದಕ್ಕೂ ಬೆಳೆಯಲು ಜಾಗ ಸಾಲದೆ, ಎಲ್ಲವೂ ಸಣ್ಣದಾಗಿ ಒತ್ತೊತ್ತಾಗಿ ಕೂರುತ್ತವೆ. ಕುರ್ಚಿ ಬಿಗಿಯಾಗುತ್ತದೆ. ಇನ್ನು ಪಾಲಿಎಥಿಲೀನ್ ಬೆರೆಸಿದರೆ ಅದರದೇ ಬೇರೆ ಕತೆ. ಬಿಸಿಯಿರುವಾಗ ಎರಡೂ ಒಂದೇ ಪಾಯಸದಂತೆ ಕಾಣುತ್ತವೆ. ತಣಿಯತೊಡಗಿದೊಡನೆ ಅದು ಅದರ ಮೂಲೆ ಹಿಡಿಯುತ್ತದೆ, ಇದು ಇದರ ಮೂಲೆ. ಪ್ರತಿಯೊಂದೂ ತನ್ನ ಹರಳನ್ನು ತಾನೇ ಕಟ್ಟಿಕೊಳ್ಳುತ್ತದೆ. ನಡುವೆ ಹಿಡಿತವೇ ಇರುವುದಿಲ್ಲ. ಎರಡರ ಕೈಯನ್ನೂ ಹಿಡಿದು ನಿಲ್ಲಿಸಲು ನೂರಕ್ಕೆ ಐದು ಪಾಲು ಒಂದು ಬಗೆಯ ರಬ್ಬರ್ ಕಾಳು ಬೇಕು. ಜಹೀರನ ಎರಡು ವರ್ಷದ ದುಡಿಮೆ ಎಂದರೆ ಈ ಐದು ಪಾಲು ಮತ್ತು ಆ ಒಂದು ಚಿಟಿಕೆ.

ಹಾಗಾಗಿ ಅಪರಾಧಕ್ಕೆ ಏನನ್ನೂ ಸೇರಿಸಬೇಕಾಗಿರಲಿಲ್ಲ. ಎರಡನ್ನು ಬಿಟ್ಟರೆ ಸಾಕಿತ್ತು. ವಿಷ ಹಾಕಿದರೆ ವಿಷ ಸಿಗುತ್ತದೆ, ಗರಗಸ ಆಡಿಸಿದರೆ ಗುರುತು ಸಿಗುತ್ತದೆ. ಹಾಕದೆ ಬಿಟ್ಟ ಚಿಟಿಕೆಯನ್ನು ಯಾರು ಹುಡುಕಿಯಾರು? ಅದೇ ಬಣ್ಣ, ಅದೇ ಹೊಳಪು, ಅದೇ ತೂಕ. ತಿಳಿದವರು ನೋಡಿದರೂ ‘ಮಿಶ್ರಣ ಸರಿಯಾಗಿ ಕೂಡಿಲ್ಲ’ ಎನ್ನುತ್ತಾರೆ, ಅಷ್ಟೆ.

ಕಾರ್ಖಾನೆಯ ಕ್ರೇಟಿನ ಚೂರು ಸ್ಟೋರಿನ ಬೀಗದಲ್ಲಿತ್ತು. ಅದನ್ನು ಮುಟ್ಟುವ ದಡ್ಡತನವನ್ನು ಜಹೀರ್ ಮಾಡಲಿಲ್ಲ. ಬುಧವಾರ ರಜೆ ಹಾಕಿ, ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದ. ಕೆರೆ ಏರಿಯ ಹತ್ತಿರ ಗುಜರಿ ಇಟ್ಟಿದ್ದ ರಾಮಾಂಜಿನಯ್ಯ ಅವನಿಗೆ ಹಳೆಯ ಪರಿಚಯ. ಮೀನು ತುಂಬುವ ಹಳೆ ಕ್ರೇಟುಗಳು ಅಲ್ಲಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಬಿದ್ದಿದ್ದವು.

“ಲೋಡ್‌ಗಟ್ಲೆ ತಗೊಂಡೋಗೋರು ಇವತ್ತು ಒಂದೇ ಚೀಲ ಅಂತೀರಲ್ಲ ಸಾಹೇಬ್ರೆ?” ಎಂದ ರಾಮಾಂಜಿನಯ್ಯ.

“ಸ್ಯಾಂಪಲ್‌ಗೆ.”

“ಅದಕ್ಕೆ ಒಳ್ಳೇದ್ ತಗಳಿ. ಆ ಮೂಲೇಲಿರೋದು ಬಿಸ್ಲು ಬಡ್ದು ಪುಡಿಯಾಗೋಗದೆ, ಬುಡಿ.”

“ನನಗೆ ಅದೇ ಬೇಕು.”

ರಾಮಾಂಜಿನಯ್ಯ ಅವನನ್ನೊಮ್ಮೆ ನೋಡಿ, ದೊಡ್ಡ ಕೆಲಸದವರ ವಿಚಾರ ದೊಡ್ಡದೇ ಇರುತ್ತದೆಂದುಕೊಂಡು, ಚೀಲ ತುಂಬಿಕೊಟ್ಟ. ವಾಪಸು ಬರುವಾಗ ಆ ಚೀಲ ಬಸ್ಸಿನ ತುಂಬಾ ಮೀನಿನ ವಾಸನೆ ಹರಡಿತು. ಪಕ್ಕದಲ್ಲಿದ್ದ ಹೆಂಗಸು ಹೆಬ್ಬೂರಿನವರೆಗೂ ಮೂಗಿಗೆ ಸೆರಗು ಹಿಡಿದಿದ್ದಳು. ಜಹೀರ್ ಕಿಟಕಿಯಾಚೆ ನೋಡುತ್ತಾ, ದಯಾನಂದನ ತೂಕವನ್ನು ಯೋಚಿಸುತ್ತಿದ್ದ.

ಅದು ಗುಟ್ಟೇನಲ್ಲ. ಡಯಟ್ ಮಾಡುತ್ತಿದ್ದೇನೆಂದು ಹೇಳಿಕೊಳ್ಳುವ ದಯಾನಂದ ಪ್ರತಿ ಸೋಮವಾರ ಕಚ್ಚಾ ಮಾಲಿನ ತೂಕದ ಯಂತ್ರದ ಮೇಲೆ, ಚಪ್ಪಲಿ ಬಿಟ್ಟು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ತೊಂಬತ್ತಮೂರು ಕೆ.ಜಿ. ಎಷ್ಟು ಉಸಿರು ಹಿಡಿದರೂ ತೊಂಬತ್ತಮೂರೇ. ಹಾಗಾದರೆ ಕುರ್ಚಿ ಎಂಬತ್ತೈದಕ್ಕೆ ಮುರಿಯಬೇಕು. ಅದಕ್ಕಿಂತ ಕಡಿಮೆಯಾದರೆ ಧೂಳು ಒರೆಸಲು ಬಂದವನೋ ಟವಲು ಹಾಸಲು ಬಂದವನೋ ಮೊದಲೇ ಬಿದ್ದು ಆಟ ಕೆಡಿಸಿಯಾನು.

ಭಾನುವಾರ ಮಧ್ಯಾಹ್ನ ಕಾರ್ಖಾನೆಯಲ್ಲಿ ವಾಚ್‌ಮನ್ ಬಿಟ್ಟರೆ ಯಾರೂ ಇರಲಿಲ್ಲ. ಮೋಲ್ಡ್ ಚೆಕ್ ಮಾಡುವ ನೆಪ ಹೇಳಿ ಜಹೀರ್ ಮಷೀನ್ ಬಿಸಿ ಮಾಡಿದ. ಎಪ್ಪತ್ತು ಪಾಲು ಪಾಲಿಪ್ರೊಪಿಲೀನ್, ಮೂವತ್ತು ಪಾಲು ಕುಣಿಗಲ್ಲಿನ ಕ್ರೇಟು, ಮೆರೂನ್ ಬಣ್ಣ. ರಬ್ಬರ್ ಕಾಳಿನ ಚೀಲದ ಕಡೆಯಾಗಲಿ ಬೆಂಜೊಯೇಟ್ ಡಬ್ಬಿಯ ಕಡೆಯಾಗಲಿ ಕಣ್ಣೆತ್ತಿಯೂ ನೋಡಲಿಲ್ಲ. ಮೋಲ್ಡಿನ ಹಿಂಗಾಲುಗಳ ಭಾಗಕ್ಕೆ ತಣ್ಣೀರು ಹರಿಸುವ ವಾಲ್ವನ್ನು ಮುಚ್ಚಿದ. ಉಳಿದ ಭಾಗವೆಲ್ಲ ಬೇಗ ತಣಿಯುವಾಗ ಆ ಎರಡು ಕಾಲುಗಳು ಮಾತ್ರ ಆರಾಮವಾಗಿ ತಣಿಯುತ್ತವೆ. ಒಳಗೆ ಹೂಗಳು ಚೆಂಡು ಹೂವಿನ ಗಾತ್ರಕ್ಕೆ ಬೆಳೆಯುತ್ತವೆ ಎಂದು ಅವನು ಕಲ್ಪಿಸಿಕೊಂಡ.

ಮೊದಲ ಕುರ್ಚಿಯ ಮೇಲೆ ಮರಳಿನ ಮೂಟೆಗಳನ್ನು ಒಂದೊಂದಾಗಿ ಹೇರಿದ. ಎಪ್ಪತ್ತಕ್ಕೇ ಹಿಂಗಾಲು ಪಟ್ಟೆಂದಿತು. ವಾಲ್ವನ್ನು ಅರ್ಧ ಸುತ್ತು ತೆರೆದ. ಎರಡನೆಯದು ಎಂಬತ್ತಾರು. ಮೂರನೆಯದು ಎಂಬತ್ತೈದು. ನಾಲ್ಕನೆಯದೂ ಎಂಬತ್ತೈದು. ಜಹೀರನಿಗೆ ಕಣ್ಣು ಒದ್ದೆಯಾಯಿತು. ಒಳ್ಳೆಯ ಕುರ್ಚಿ ಮಾಡಿದಾಗಲೂ ಕೈ ಇಷ್ಟು ಪಕ್ಕಾ ಕೂತಿರಲಿಲ್ಲ.

ಸದ್ದು ಕೇಳಿ ವಾಚ್‌ಮನ್ ಅಣ್ಣಯ್ಯಪ್ಪ ಬಾಗಿಲಲ್ಲಿ ಇಣುಕಿದ. “ಏನ್ ಸಾಹೇಬ್ರೆ, ಚೇರ್ ಮುರ್ದಂಗಾಯ್ತು?”

“ಮುರೀಲಿ ಅಂತಾನೇ ಮಾಡ್ತಿರೋದು ಅಣ್ಣಯ್ಯಪ್ಪ. ಟೆಸ್ಟು.”

“ಬಾನ್ವಾರಾನೂ ಬುಡಲ್ವಲ್ಲ ನೀವು,” ಎಂದು ಮೆಚ್ಚಿಕೊಂಡು ಅಣ್ಣಯ್ಯಪ್ಪ ಹೊರಟುಹೋದ. ಸತ್ಯ ಹೇಳಿಯೂ ಸಿಕ್ಕಿಬೀಳದಿರುವುದೇ ಒಳ್ಳೆಯ ಅಪರಾಧದ ಲಕ್ಷಣವೆಂದು ಜಹೀರ್ ಅಂದುಕೊಂಡ.

ಅದೇ ಹದಕ್ಕೆ ಐದನೆಯ ಕುರ್ಚಿಯನ್ನು ಎರಕ ಹೊಯ್ದು ಪಕ್ಕಕ್ಕಿಟ್ಟ. ಮುರಿದ ನಾಲ್ಕನ್ನು ಗ್ರೈಂಡರಿಗೆ ಹಾಕಿದ. ಮಾರನೆಯ ದಿನ ಅವು ಕಪ್ಪು ಹೂಕುಂಡಗಳಾಗಿ ಹೊರಗೆ ಬಂದವು. ವಾಲ್ವನ್ನು ಮೊದಲಿನಂತೆ ತೆರೆದ. ಮಷೀನನ್ನು ಒರೆಸಿದ. ಮನೆಗೆ ಹೋಗಿ ಸೋಪು ಹಾಕಿ ಕೈ ತೊಳೆದರೂ ಮೀನಿನ ವಾಸನೆ ಹೋಗಲಿಲ್ಲ. ಅದಕ್ಕೆ ಶಿಕ್ಷೆಯಿಲ್ಲ.

ಕುರ್ಚಿಯನ್ನು ವೇದಿಕೆಗೆ ಸಾಗಿಸುವ ಕೆಲಸವನ್ನು ದಯಾನಂದನೇ ಸುಲಭ ಮಾಡಿಕೊಟ್ಟ. “ವೇದಿಕೆ ಮೇಲೆ ಹನ್ನೆರಡೂ ನಮ್ಮ ಚೇರೇ ಇರ್ಬೇಕು ಜಹೀರ್ ಭಾಯ್. ನೀವೇ ಆರ್ಸಿ, ನೀವೇ ಹಾಕ್ಸಿ.” ಜಹೀರ್ ಹನ್ನೊಂದು ಒಳ್ಳೆಯ ಕುರ್ಚಿಗಳನ್ನೂ ಒಂದು ಕೆಟ್ಟದ್ದನ್ನೂ ಆರಿಸಿದ. ಕಾರ್ಯಕ್ರಮದ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಾರ್ಖಾನೆಯ ಗಾಡಿಯಲ್ಲಿ ಗುಬ್ಬಿಯ ಸಮುದಾಯ ಭವನಕ್ಕೆ ಬಂದು, ಅವುಗಳನ್ನು ಸಾಲಾಗಿ ಜೋಡಿಸಿ, ಕೆಟ್ಟದ್ದನ್ನು ನಡುವೆ ಇಟ್ಟು ಅದರ ಮೇಲೆ ಬಿಳಿ ಟರ್ಕಿ ಟವಲು ಹೊದಿಸಿದ. ಸನ್ಮಾನಿತರ ಕುರ್ಚಿಗೆ ಟವಲು ಇರಲೇಬೇಕು. ಆಮೇಲೆ ಕೆಳಗಿಳಿದು ಬಂದು, ಕಂಬ ಅಡ್ಡ ಬಾರದಂತೆ ನೋಡಿಕೊಂಡು, ಐದನೆಯ ಸಾಲಿನಲ್ಲಿ ಕೂತ.

ಹನ್ನೊಂದು ಗಂಟೆಯ ಹೊತ್ತಿಗೆ ಭವನ ತುಂಬಿತು. ದೀಪ ಹಚ್ಚಿದರು, ಪ್ರಾರ್ಥನೆ ಹಾಡಿದರು. ಗಣ್ಯರು ಒಬ್ಬೊಬ್ಬರಾಗಿ ವೇದಿಕೆಯ ಹನ್ನೊಂದು ಕುರ್ಚಿಗಳನ್ನು ತುಂಬಿದರು. ಟವಲಿನ ಕುರ್ಚಿ ಕಾಯುತ್ತಿತ್ತು. ದಯಾನಂದ ರೇಷ್ಮೆ ಜುಬ್ಬ ತೊಟ್ಟು ಮೆಟ್ಟಿಲು ಹತ್ತಿದ. ಜಹೀರ್ ಕೂತಲ್ಲೇ ಮುಂದಕ್ಕೆ ಸರಿದ. ದಯಾನಂದ ಕುರ್ಚಿಯ ಹತ್ತಿರ ಬಂದ, ಅದರ ಬೆನ್ನಿನ ಮೇಲೆ ಕೈಯಿಟ್ಟ, ಕೂರುವಂತೆ ಬಾಗಿದ. ಬಾಗಿ, ಟವಲನ್ನು ಸರಿ ಮಾಡಿ, ನೇರ ಮೈಕಿನ ಕಡೆ ನಡೆದ.

“ಎಲ್ರಿಗೂ ನಮಸ್ಕಾರ. ಮೊದಲ್ನೇದಾಗಿ ನಿಮ್ಮೆಲ್ರ ಹತ್ರ ಒಂದು ಕ್ಷಮೆ ಕೇಳ್ಬೇಕು. ಕಾರ್ಡಲ್ಲಿ ನನ್ನ ಹೆಸರು ಹಾಕ್ಸಿದ್ದು ನಾನೇ. ಅದು ಸುಳ್ಳು.”

ಅವನು ಐದನೆಯ ಸಾಲಿನ ಕಡೆ ಕೈ ತೋರಿಸಿದ.

“ಈ ಚೇರ್ ಕಂಡುಹಿಡಿದಿದ್ದು ನಾನಲ್ಲ. ನಮ್ಮ ಜಹೀರ್ ಅಹಮದ್ ಅವ್ರು. ಹೋದ್ವರ್ಷ ಕಾರ್ಖಾನೇಲಿ ಇವ್ರಿಗೆ ಒಳ್ಳೇ ಕೆಲ್ಸಗಾರ ಅಂತ ಪ್ರೈಜ್ ಕೊಡ್ತೀವಿ ಅಂದ್ರೆ, ಹೊಟ್ಟೆನೋವು ಅಂತ ರಜಾ ಹಾಕ್ಬಿಟ್ರು. ಇವ್ರ ಹೆಸರು ಹಾಕ್ಸಿದ್ರೆ ಇವತ್ತೂ ಹೊಟ್ಟೆನೋವು ಬರ್ತಿತ್ತು. ಅದಕ್ಕೇ ಈ ನಾಟಕ.” ಅವನು ಜೇಬಿನಿಂದ ಒಂದು ಕಾಗದ ತೆಗೆದು ಬಿಡಿಸಿದ. “ಪೇಟೆಂಟಿಗೆ ಅರ್ಜಿ ಹಾಕಿದೀವಿ. ಇವ್ರೇ ನಾಲ್ಕು ಕಡೆ ಸೈನ್ ಹಾಕಿದಾರೆ, ಏನು ಅಂತ ಒಂದ್ಸಲಾನೂ ಕೇಳ್ಲಿಲ್ಲ. ಇನ್ವೆಂಟರ್ ಅನ್ನೋ ಜಾಗದಲ್ಲಿ ಇರೋದು ಒಂದೇ ಹೆಸರು. ಜಹೀರ್ ಅಹಮದ್. ಬನ್ನಿ ಭಾಯ್, ಮೇಲೆ ಬನ್ನಿ.”

ಚಪ್ಪಾಳೆ ಬಿದ್ದಿತು. ಜಹೀರನಿಗೆ ನಿಜಕ್ಕೂ ಹೊಟ್ಟೆನೋವು ಬಂದಿತು. ಯಾರೋ ಅವನ ತೋಳು ಹಿಡಿದು ಎಬ್ಬಿಸಿದರು. ಮೊದಲ ಸಾಲು ದಾಟುವಾಗ ಅಲ್ಲಿ ಮಹೀನ್ ಕೂತಿದ್ದಳು, ಈದ್‌ಗೆ ತಂದ ಹಸಿರು ಸೀರೆ ಉಟ್ಟು. ಪಕ್ಕದಲ್ಲಿ ಅಂಬ್ರೀನ್ ಮೊಬೈಲ್ ಎತ್ತಿ ವಿಡಿಯೋ ಮಾಡುತ್ತಿದ್ದಳು. “ದಯಾನಂದ್ ಸಾರ್ ಕಾರ್ ಕಳ್ಸಿದ್ರು ಅಬ್ಬಾ,” ಎಂದು ಪಿಸುಗುಟ್ಟಿದಳು. “ಹದಿನೈದು ದಿನದಿಂದ ಬಾಯ್ ಮುಚ್ಕೊಂಡಿದೀವಿ.”

ವೇದಿಕೆ ಹತ್ತುವಷ್ಟರಲ್ಲಿ ದಯಾನಂದ ಮೈಕಿನಲ್ಲಿ ಇನ್ನೂ ಒಂದು ಮಾತು ಸೇರಿಸಿದ. ಹುಲಿಯೂರುದುರ್ಗದ ಕಡೆ ಶಾಲೆಗಳನ್ನು ನಡೆಸುವ ಸರ್ವಮಂಗಳಮ್ಮನವರು ಮೊದಲ ಸಾಲಿನಲ್ಲಿದ್ದಾರೆ. ತಮ್ಮ ಶಾಲೆಯ ಮಕ್ಕಳಿಗೆಲ್ಲ ಇದೇ ಕುರ್ಚಿ ತರಿಸುವ ಮೊದಲು ಕಣ್ಣಾರೆ ನೋಡಬೇಕೆಂದು ಬಂದಿದ್ದಾರೆ. ಸರ್ವಮಂಗಳಮ್ಮ ಕನ್ನಡಕ ಸರಿಮಾಡಿಕೊಂಡು ಟವಲಿನ ಕುರ್ಚಿಯನ್ನೇ ನೋಡಿದರು.

ಜಹೀರ್ ಕುರ್ಚಿಯ ಮುಂದೆ ನಿಂತ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವನ ಹೆಸರನ್ನು ಮೈಕಿನಲ್ಲಿ ಹೇಳಿದ್ದರು. ಈ ಕುರ್ಚಿ ಮುರಿದರೆ ಮುರಿಯುವುದು ಈಗ ದಯಾನಂದನ ಮರ್ಯಾದೆಯಲ್ಲ. ಇದು ನನ್ನ ಮಿಶ್ರಣವಲ್ಲ ಎಂದು ಅವನು ಹೇಳುವಂತಿರಲಿಲ್ಲ. ಹೇಳಿದರೆ ಯಾರದ್ದು ಎಂದು ಕೇಳುತ್ತಾರೆ.

“ನಾನ್ ನಿಂತೇ ಇರ್ತೀನಿ ಸಾರ್,” ಎಂದ.

“ಅದ್ ಹೆಂಗಾಗತ್ತೆ? ನಿಮ್ಮ ಚೇರಲ್ಲಿ ನೀವೇ ಕೂರ್ದೆ ಇನ್ಯಾರ್ ಕೂರ್ತಾರೆ?” ದಯಾನಂದ ನಕ್ಕು ಅವನ ಎರಡೂ ಭುಜ ಒತ್ತಿದ. “ಇಲ್ಲಾಂದ್ರೆ ನೋಡಿ, ನಾನೇ ಕೂತ್ಬಿಡ್ತೀನಿ.”

ತೊಂಬತ್ತಮೂರು ಕೆ.ಜಿ. ಕುರ್ಚಿಯ ಕಡೆ ತಿರುಗಿತು. ಜಹೀರ್ ಥಟ್ಟನೆ ಕೂತುಬಿಟ್ಟ.

ಏನೂ ಆಗಲಿಲ್ಲ.

ಮೊದಲ ನಿಮಿಷ ಅವನು ಕೂತಂತೆ ಕಂಡರೂ ಭಾರವೆಲ್ಲ ತೊಡೆಯ ಮೇಲಿತ್ತು. ಆಮೇಲೆ ಅವನ ಬುದ್ಧಿ ಮೆಲ್ಲಗೆ ಕೆಲಸ ಮಾಡತೊಡಗಿತು. ಕುರ್ಚಿ ಮುರಿಯುವುದು ಎಂಬತ್ತೈದಕ್ಕೆ. ಅವನ ತೂಕ ಅರವತ್ತೊಂದು. ನಡುವೆ ಇಪ್ಪತ್ತನಾಲ್ಕು ಕೆ.ಜಿ.ಯಷ್ಟು ಅಂತರವಿದೆ. ಎರಡು ಸಲ ಲೆಕ್ಕ ಹಾಕಿದ. ಮೆಲ್ಲಗೆ ಭಾರ ಬಿಟ್ಟ. ಹಿಂದಕ್ಕೆ ಒರಗಿದ. ಕುರ್ಚಿ ಗಟ್ಟಿಯಾಗಿ ಹಿಡಿಯಿತು.

ಅಷ್ಟರಲ್ಲಿ ಇಬ್ಬರು ಒಂದು ಕೊಬ್ಬರಿ ಹಾರವನ್ನು ಹೊತ್ತು ತಂದರು. ಒಂದೊಂದು ಕೊಬ್ಬರಿ ಗಿಟುಕೂ ಮುಷ್ಟಿ ಗಾತ್ರ. ಹಾರ ಮೊಣಕಾಲು ದಾಟುವಷ್ಟು ಉದ್ದ. ಇಪ್ಪತ್ತನಾಲ್ಕು ಕೆ.ಜಿ. ಇರಬಹುದೇ ಎಂದು ಜಹೀರ್ ಕಣ್ಣಲ್ಲೇ ತೂಗಿದ. ಆದರೆ ಹಾರ ಹಾಕಿಸಿಕೊಳ್ಳಲು ಎದ್ದು ನಿಲ್ಲುವುದು ಪದ್ಧತಿ, ಹಾಕಿದೊಡನೆ ತೆಗೆದು ಟೇಬಲಿನ ಮೇಲಿಡುವುದೂ ಪದ್ಧತಿ. ಅವನು ಎರಡನ್ನೂ ಅಚ್ಚುಕಟ್ಟಾಗಿ ಪಾಲಿಸಿದ. ಶಾಲು ಹಗುರ. ಹಣ್ಣಿನ ಬುಟ್ಟಿಯನ್ನು ನಯವಾಗಿ ಪಕ್ಕದವರ ಕೈಗೆ ದಾಟಿಸಿದ. ಮತ್ತೆ ಕೂತಾಗ ಅವನಿಗೆ ತನ್ನ ಮೇಲೇ ಹೆಮ್ಮೆಯೆನಿಸಿತು. ಸಮಾರಂಭ ಮುಗಿದೊಡನೆ ಈ ಕುರ್ಚಿಯನ್ನು ನೆನಪಿಗೆಂದು ಕೇಳಿ ಪಡೆದು, ಸೋಮವಾರ ಗ್ರೈಂಡರಿಗೆ ಹಾಕಿದರೆ ಮುಗಿಯಿತು. ಅಪರಾಧವೂ ಇಲ್ಲ, ಅಪರಾಧಿಯೂ ಇಲ್ಲ. ಪಕ್ಕದಲ್ಲಿ ಕುರ್ಚಿಯಿಲ್ಲದೆ ನಿಂತಿದ್ದ ದಯಾನಂದನ ಕಡೆ ನೋಡಿ ಅವನು ಮನಸಾರೆ ನಕ್ಕ. ಎಂಥ ಒಳ್ಳೆಯ ಮನುಷ್ಯ! ಇವನನ್ನು ಬೀಳಿಸಲು ಹೊರಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಮಹೀನ್ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸರ್ವಮಂಗಳಮ್ಮ ಪಕ್ಕದವರಿಗೆ ಏನೋ ಹೇಳಿ ತಲೆಯಾಡಿಸಿದರು.

ಆಗ ಅಭಿನಂದನಾ ಭಾಷಣಕ್ಕೆಂದು ಸಂಘದ ಅಧ್ಯಕ್ಷ ಲಕ್ಷ್ಮೀನರಸಿಂಹಯ್ಯನವರು ಮೈಕಿನ ಮುಂದೆ ಬಂದರು. ಅವರು ನಿವೃತ್ತ ಕನ್ನಡ ಮೇಷ್ಟ್ರು. ಈಗ ಎಣ್ಣೆ ಗಾಣದ ಮಾಲೀಕರು. “ಕುರ್ಚಿ ಎಂದರೇನು?” ಎಂದು ಸಭೆಯನ್ನು ಕೇಳಿದರು. ಆದಿಮಾನವ ಬಂಡೆಯ ಮೇಲೆ ಕೂತಲ್ಲಿಂದ ಅವರೇ ಉತ್ತರ ಶುರು ಮಾಡಿದರು. ಕಾಲು ಗಂಟೆಗೆ ಮರದ ಮಣೆ ಬಂತು. ಅರ್ಧ ಗಂಟೆಗೆ ರಾಜರ ಸಿಂಹಾಸನಗಳು ಬಂದವು. ಮುಕ್ಕಾಲು ಗಂಟೆಯಾದರೂ ಪ್ಲಾಸ್ಟಿಕ್ಕಿನ ಸುಳಿವಿರಲಿಲ್ಲ. ಜಹೀರ್ ನಗುಮುಖದಲ್ಲೇ ಒರಗಿ ಕೂತಿದ್ದ.

ಟಿಕ್.

ಸದ್ದು ಅವನಿಗೆ ಮಾತ್ರ ಕೇಳಿಸಿತು. ಎಡಗಡೆಯ ಹಿಂಗಾಲಿನ ಒಳಗಿನಿಂದ ಬಂದಿತ್ತು. ಅರವತ್ತೊಂದಕ್ಕೆ ಯಾಕೆ? ಮರಳಿನ ಮೂಟೆಗಳು ಅವನ ಕಣ್ಣ ಮುಂದೆ ಬಂದವು, ಮತ್ತು ಅವುಗಳ ಜೊತೆಗೇ ಉತ್ತರವೂ ಬಂತು. ಅಂದು ಅವಸರದಲ್ಲಿ ಒಂದೊಂದು ಕುರ್ಚಿಯನ್ನು ಅವನು ಪರೀಕ್ಷಿಸಿದ್ದು ಹೆಚ್ಚೆಂದರೆ ಎರಡು ನಿಮಿಷ. ಎಷ್ಟು ಭಾರಕ್ಕೆ ಮುರಿಯುತ್ತದೆಂದು ನೋಡಿದ್ದನೇ ಹೊರತು, ಎಷ್ಟು ಹೊತ್ತಿಗೆ ಎಂದು ನೋಡಿರಲಿಲ್ಲ. ಹಿಡಿತವಿಲ್ಲದ ಹರಳುಗಳ ಗಡಿಯಲ್ಲಿ ಬಿರುಕಿಗೆ ದೊಡ್ಡ ಭಾರವೇ ಬೇಕೆಂದಿಲ್ಲ. ಸಣ್ಣ ಭಾರವೇ ಬಿಡದೆ ಕೂತಿದ್ದರೆ ಅದು ಒಂದು ಹೂವಿನಿಂದ ಇನ್ನೊಂದಕ್ಕೆ ಪುರಸೊತ್ತಾಗಿ ನಡೆದುಕೊಂಡು ಹೋಗುತ್ತದೆ. ಟಿಕ್. ಈಗ ಬಲಗಾಲು. ಅವನು ಏಳಲು ನೋಡಿದ. ಒಂದು ಗಂಟೆಯಿಂದ ನಿಂತು ಕಾಲು ನೋಯುತ್ತಿದ್ದರೂ ಅಧ್ಯಕ್ಷರ ಖಾಲಿ ಕುರ್ಚಿಯಲ್ಲಿ ಕೂರಲು ಹಿಂಜರಿದಿದ್ದ ದಯಾನಂದ ತಕ್ಷಣ ಕುರ್ಚಿಯ ತೋಳಿಗೆ ಕೈಯಿಟ್ಟು, “ಎದ್ಬಿಟ್ರಾ ಭಾಯ್? ನಾನ್ ಐದ್ ನಿಮ್ಷ ಕೂತ್ಕೊಳ್ಲಾ?” ಎಂದ. ಜಹೀರ್ ತಲೆಯಾಡಿಸಿ ಮತ್ತೆ ಕೂತ. ಟಿಕ್, ಟಿಕ್. ಹೆಚ್ಚೆಂದರೆ ಇನ್ನು ಹತ್ತು ನಿಮಿಷ, ಎಂದಿತು ಅವನ ಕೈಯ ಅನುಭವ. ಕೆಳಗೆ ಅಂಬ್ರೀನ್ ಅಪ್ಪನ ಮುಖ ಚೆನ್ನಾಗಿ ಬರಲೆಂದು ಮೊಬೈಲ್ ಹಿಡಿದು ಹತ್ತಿರ ಬಂದಳು. ಲಕ್ಷ್ಮೀನರಸಿಂಹಯ್ಯನವರು ಒಂದು ಗುಟುಕು ನೀರು ಕುಡಿದು, ಕನ್ನಡಕ ಒರೆಸಿಕೊಂಡು, ಸಭೆಯ ಕಡೆ ತಿರುಗಿ ಹೇಳಿದರು: “ಇಲ್ಲಿವರೆಗೂ ಹೇಳಿದ್ದು ಪೀಠಿಕೆ. ಈಗ ವಿಷಯಕ್ಕೆ ಬರ್ತೀನಿ.”